ಕೈಮರದ ಚೀಲ

ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿ ದಾಟಿ ಕೆರೆಕಟ್ಟೆ ಕಡೆಯ ಒಳದಾರಿಗೆ ಹೋಗುತ್ತಿದ್ದ ಬಸ್ಸಿನಲ್ಲಿ ನಾನು ಹತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದೆ. ರಾತ್ರಿ ಅಲ್ಲೇ ಹಾಲ್ಟ್, ಬೆಳಿಗ್ಗೆ ವಾಪಸ್ಸು. ರಸ್ತೆ ಅಗಲವಾದ ವರ್ಷವೇ ಆ ಬಸ್ಸು ನಿಂತಿತು. ಮನೆಮನೆಗೆ ಬೈಕು, ಕಾರು ಬಂದವು, ಸೀಟು ಖಾಲಿಯಾದವು. ಇದಕ್ಕೆ ಅಭಿವೃದ್ಧಿ ಎಂದು ಬೋರ್ಡು ಬರೆಸಿ ನಿಲ್ಲಿಸಿದ್ದಾರೆ. ಓದಬೇಕಾದವರು ಬಸ್ಸಿಲ್ಲದೆ ಮನೆಯಲ್ಲೇ ಕೂತಿದ್ದಾರೆ.

ನಮ್ಮ ದಾರಿಯಲ್ಲಿ ಒಂದು ರೂಢಿ ಇತ್ತು. ಸ್ಟಾಪಿನಲ್ಲಿ ಊರಿನ ದಾರಿ ತೋರಿಸುವ ಕೈಮರಕ್ಕೆ ಚೀಲ ತೂಗುಹಾಕಿದ್ದರೆ, ಅದರ ಯಜಮಾನರು ಒಳದಾರಿಯಲ್ಲಿ ನಡೆದು ಬರುತ್ತಿದ್ದಾರೆ ಎಂದು ಅರ್ಥ. ಅವರು ಬರುವವರೆಗೆ ಬಸ್ಸು ಕಾಯಬೇಕು. ಹತ್ತು ನಿಮಿಷವಾದರೂ ಯಾರೂ ಗೊಣಗುತ್ತಿರಲಿಲ್ಲ. ನಾಳೆ ತಮ್ಮ ಚೀಲವೂ ಅಲ್ಲಿರಬಹುದಲ್ಲ.

ಒಂದು ಕೈಮರದಲ್ಲಿ ಮಂಗಳವಾರ, ಶುಕ್ರವಾರ ತಪ್ಪದೆ ನೀಲಿ ಚೀಲ ಇರುತ್ತಿತ್ತು. ಅದು ಬ್ಲೌಸು ಹೊಲಿಯುವ ಒಬ್ಬ ಹೆಂಗಸಿನದು. ಎರಡೂ ಕಿಡ್ನಿ ಹೋಗಿ, ವಾರಕ್ಕೆರಡು ಸಲ ಕೊಪ್ಪಕ್ಕೆ ಡಯಾಲಿಸಿಸ್‌ಗೆ ಬರುತ್ತಿದ್ದರು. ಪಕ್ಕದ ಮನೆಯವರು ಡೈರಿಗೆ ಹಾಲು ಹಾಕಲು ಬೈಕಿನಲ್ಲಿ ಹೋಗುವಾಗ ಚೀಲ ತೂಗುಹಾಕುತ್ತಿದ್ದರು. ಈ ಹೆಂಗಸು ಹಿಂದಿನಿಂದ ಏದುಸಿರು ಬಿಡುತ್ತಾ ನಡೆದು ಬರುತ್ತಿದ್ದರು. ಆ ಸ್ಟಾಪಿನಲ್ಲಿ ಹತ್ತುವವರು ಅವರೊಬ್ಬರೇ. ಅವರ ಊರಿನಲ್ಲಿ ಫೋನಿಗೆ ನೆಟ್‌ವರ್ಕ್ ಇರಲಿಲ್ಲ.

ಶನಿವಾರವೇ ಕೊನೆಯ ಟ್ರಿಪ್ಪು ಎಂದು ಮಾಲೀಕರು ಹೇಳಿದ್ದು ಬುಧವಾರ. ಗುರುವಾರದಿಂದ ಹತ್ತಿದವರಿಗೆಲ್ಲ ಹೇಳುತ್ತಾ ಬಂದೆ. ಶುಕ್ರವಾರ ಅವರು ಹತ್ತಿದಾಗ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಖಾಕಿ ಅಂಗಿಯ ಹರಿದ ಜೇಬು ನೋಡಿ, "ಎಂತ ಮಾರಾಯ್ರೆ ಇದು? ಮಂಗಳವಾರ ಬೇರೆ ಅಂಗಿ ಹಾಕ್ಕಂಡು ಬನ್ನಿ, ಇದನ್ನು ನನ್ನ ಹತ್ರ ಕೊಡಿ, ಹೊಲಿದು ಕೊಡ್ತೇನೆ" ಅಂದರು.

"ಆಯ್ತು" ಅಂದುಬಿಟ್ಟೆ.

ಸಂಜೆ ವಾಪಸ್ಸು ಬರುವಾಗ ಹೇಳಬಹುದಿತ್ತು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದರು. ಇಳಿಸುವಾಗ ಕೈ ಹಿಡಿದು ಇಳಿಸಿದೆನೇ ಹೊರತು ಮಾತಾಡಲಿಲ್ಲ. ಭಾನುವಾರ ಅವರ ಮನೆಗೇ ಹೋಗಿ ಹೇಳೋಣ ಎಂದುಕೊಂಡೆ. ಭಾನುವಾರ ಬೇರೆ ಬಸ್ಸಿನಲ್ಲಿ ಕೆಲಸ ಕೇಳಲು ಹೋದೆ. ಸೋಮವಾರ ಮರೆತೆ ಎಂದರೆ ಸುಳ್ಳಾಗುತ್ತದೆ. ಹೋಗಲು ಮುಖ ಇರಲಿಲ್ಲ.

ಮಂಗಳವಾರ ಎಂದಿನಂತೆ ಕೈಮರದಲ್ಲಿ ನೀಲಿ ಚೀಲ ತೂಗಿತು. ಅವರು ಕೈಮರದ ಬುಡದಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರಂತೆ. ದಾರಿಯಲ್ಲಿ ಹೋದ ಒಂದಿಬ್ಬರು ಕರೆದರೂ, "ಚೀಲ ಹಾಕಿದ್ದೇನಲ್ಲ, ಬಸ್ಸು ಬರ್ತದೆ" ಎಂದು ಕಳಿಸಿದರಂತೆ. ಬುಧವಾರ ಉಸಿರು ಕಟ್ಟತೊಡಗಿದ ಮೇಲೆ ಪಕ್ಕದ ಮನೆಯವರು ಬಾಡಿಗೆ ಜೀಪಿನಲ್ಲಿ ಕೊಪ್ಪಕ್ಕೆ ಒಯ್ದರು.

ಸುದ್ದಿ ತಿಳಿದು ಆಸ್ಪತ್ರೆಗೆ ಹೋದೆ. ಮುಖ ಊದಿಕೊಂಡಿತ್ತು. ಬೈದರೆ ಬೈಸಿಕೊಳ್ಳೋಣ ಎಂದು ಮಂಚದ ಪಕ್ಕ ನಿಂತೆ. ಅವರೇ ನನ್ನನ್ನು ಸಮಾಧಾನ ಮಾಡಿದರು.

"ಬಸ್ಸು ನಿಲ್ಲಿಸ್ತಾರಂತ ನಿಮಗೂ ಮುಂಚೆ ಹೇಳಿರ್ಲಿಲ್ಲ ಕಾಣ್ತದೆ. ಗೊತ್ತಿದ್ದಿದ್ರೆ ನೀವು ನನಗೆ ಹೇಳದೆ ಇರ್ತಿದ್ರಾ?"

ನಾನು ತಲೆಯಾಡಿಸಿದೆ. ಹೌದು, ಗೊತ್ತಿರಲಿಲ್ಲ ಎನ್ನುವಂತೆ.

ಆಮೇಲೆ ಪ್ರತಿ ಸಲವೂ ಜೀಪು ಮಾಡುವುದು ಅವರಿಂದಾಗಲಿಲ್ಲ. ವಾರಕ್ಕೆರಡು ಇದ್ದದ್ದು ಒಂದಾಯಿತು. ಆಷಾಢ ಕಳೆಯುವ ಮೊದಲೇ ತೀರಿಕೊಂಡರು. ಅಷ್ಟರೊಳಗೆ ಒಮ್ಮೆ ಹೋಗಿ ನಿಜ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಹೋಗಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದ ಮನುಷ್ಯ ಎಂದೇ ನನ್ನನ್ನು ನಂಬಿಕೊಂಡು ಅವರು ಹೋದರು.