ಪಾಪಾ ಎಂದವರು ಯಾರು

ನನ್ನನ್ನು ‘ಎಕ್ಸ್‌ಕ್ಯೂಸ್ ಮಿ’ ಎಂದು ಕರೆಯುವುದನ್ನು ಮಗಳು ಮೇ ತಿಂಗಳಲ್ಲಿ ಶುರು ಮಾಡಿದಳು, ಬ್ಯಾಂಕಿನ ಕೌಂಟರಿನಲ್ಲಿ ಕೂತ ಅಪರಿಚಿತನನ್ನು ಕರೆದ ಹಾಗೆ. “ಎಕ್ಸ್‌ಕ್ಯೂಸ್ ಮಿ, ಮಮ್ಮಿ ಈಸ್ ಕಾಲಿಂಗ್ ಯು ಫಾರ್ ಡಿನ್ನರ್.” ಅದಕ್ಕಿಂತ ಮುಂಚೆ ಹದಿನೈದು ವರ್ಷ ನಾನು ಅವಳಿಗೆ ಪಪ್ಪ ಆಗಿದ್ದೆ.

ಕಾರಣ ನಾನೇ. ಮರುವರ್ಷ ಹತ್ತನೆಯದು ಮುಗಿದ ಮೇಲೆ ಅವಳನ್ನು ಮಂಗಳೂರಿನ ಒಂದು ಕಾಲೇಜಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಡುವುದೆಂದು ನಿರ್ಧರಿಸಿ, ಪ್ರವೇಶದ ಅರ್ಜಿ ತುಂಬಿ, ಅದನ್ನು ಮನೆಯ ಪ್ರಿಂಟರಿನಲ್ಲೇ ಮರೆತುಬಿಟ್ಟಿದ್ದೆ. ಅವಳು ತನ್ನ ಪ್ರಾಜೆಕ್ಟ್ ತೆಗೆಯಲು ಹೋದವಳು ಅದನ್ನೂ ತೆಗೆದಳು. ಒಮಾನಿನ ಈ ಸೊಹಾರಿನಲ್ಲಿ ನಮ್ಮಂಥವರು ಮಕ್ಕಳನ್ನು ಆ ವಯಸ್ಸಿಗೆ ಊರಿಗೆ ಕಳಿಸುವುದು ಹೊಸತೇನಲ್ಲ. ಆದರೆ ಅವಳನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿದ್ದರಿಂದಲೇ ಕೇಳಿರಲಿಲ್ಲ. ಆಮೇಲೆ ಎಷ್ಟು ಸಮಾಧಾನ ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ನಮ್ಮ ಮನೆಯ ಭಾಷೆಯೂ ಒಂದು ರಾಜಿ ಒಪ್ಪಂದ. ನನ್ನದು ತುಳು, ಹೆಂಡತಿಯದು ಕೊಂಕಣಿ. ಇಬ್ಬರಿಗೂ ಸೋಲಾಗಬಾರದೆಂದು ಮನೆಯಲ್ಲಿ ಕನ್ನಡ. ಜಗಳ ಬಂದಾಗ ಮಾತ್ರ ಅವರವರ ಭಾಷೆ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮೇ ತಿಂಗಳ ನಂತರ ಆ ಉತ್ತರಗಳೂ ಕಡಿಮೆಯಾದವು.

ಅವಳನ್ನು ಒಲಿಸಲು ಆಫ್ರಿಕಾದ ಜಾಂಜಿಬಾರ್ ದ್ವೀಪಕ್ಕೆ ಪ್ರವಾಸ ಎಂದು ಯೋಜನೆ ಹಾಕಿದೆ. ಅವಳಿಗೆ ಚಿಕ್ಕಂದಿನಿಂದಲೂ ಸಮುದ್ರದ ಪ್ರಾಣಿಗಳ ಹುಚ್ಚು. ಬಿಳಿ ಮರಳು, ಡಾಲ್ಫಿನ್, ಹವಳದ ನಡುವೆ ಮುಳುಗು ಹಾಕುವುದು, ಕಾಡಿನ ಕೆಂಪು ಮಂಗಗಳು ಎಂದು ಊಟದ ಮೇಜಿನಲ್ಲಿ ನಾನು ಗೈಡಿನ ಹಾಗೆ ಮಾತಾಡಿದೆ. ಅವಳು ತಲೆ ಎತ್ತಿದಳು, ಅಷ್ಟೇ ಸಾಕಿತ್ತು. ಟಿಕೆಟ್ ಮಾಡುವ ದಿನ ನೋಡಿದರೆ ಅವಳ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಹೋಗಿದೆ. ಕೊಟ್ಟವನು ನಾನೇ, ಮರೆತವನೂ ನಾನೇ. ಹೆಂಡತಿ ನನ್ನನ್ನು ಕೊಂಕಣಿಯಲ್ಲಿ ವಿಚಾರಿಸಿಕೊಂಡಳು.

ಕೊನೆಗೆ ಸೆಪ್ಟೆಂಬರಿನ ಒಂದು ಶುಕ್ರವಾರ ಆಫ್ರಿಕಾದ ಬದಲು ಬರ್ಕಾದ ಕಡೆಗೆ ಕಾರು ಓಡಿಸಿದೆ. ಅಲ್ಲಿಂದ ದೋಣಿಯಲ್ಲಿ ಹೋದರೆ ದಿಮಾನಿಯಾತ್ ದ್ವೀಪಗಳು. ನಮ್ಮ ದೋಣಿಯವನು ಐವತ್ತು ದಾಟಿದ ಒಮಾನಿ. ಹುಟ್ಟಿದ್ದು ಜಾಂಜಿಬಾರಿನಲ್ಲಂತೆ, ಚಿಕ್ಕವನಿದ್ದಾಗ ತಂದೆ ತಾಯಿಯ ಜೊತೆ ಇಲ್ಲಿಗೆ ಬಂದನಂತೆ. ನಮ್ಮ ಹತ್ತಿರ ಹಿಂದಿ, ಫೋನಿನಲ್ಲಿ ಅರಬ್ಬಿ, ಪಕ್ಕದ ದೋಣಿಯಲ್ಲಿದ್ದ ತನ್ನ ತಮ್ಮನ ಹತ್ತಿರ ಸ್ವಾಹಿಲಿ. ನಾವು ಹೋಗಲಾಗದ ಊರು ತಾನಾಗಿ ದೋಣಿ ಬಿಡಲು ಬಂದಿದೆ ಎಂದು ನಾನೊಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ದ್ವೀಪದ ಹತ್ತಿರ ದೋಣಿ ನಿಂತಿತು. ಹೆಂಡತಿಗೆ ನೀರೆಂದರೆ ಆಗದು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ನೆರಳಿನಲ್ಲಿ ಗಟ್ಟಿಯಾಗಿ ಕೂತಳು. ಮಗಳು ಅಂಥದ್ದೇ ಜಾಕೆಟ್ ಹಾಕಿ, ಮುಖಕ್ಕೆ ಕನ್ನಡಕ, ಬಾಯಿಗೆ ಉಸಿರಿನ ಕೊಳವೆ ಸಿಕ್ಕಿಸಿಕೊಂಡು ನೀರಿಗೆ ಹಾರಿದಳು. ಹಿಂದಿನಿಂದ ನಾನೂ ಇಳಿದೆ. ಹೊಳೆಯಲ್ಲಿ ಈಜು ಕಲಿತವನೆಂಬ ಜಂಬ ಸಮುದ್ರದಲ್ಲಿ ಐದು ನಿಮಿಷವೂ ಉಳಿಯಲಿಲ್ಲ. ಕನ್ನಡಕ ಮಂಜಾಗುತ್ತಿತ್ತು, ಕಿವಿಯಲ್ಲಿ ನೀರು. ಅಷ್ಟರಲ್ಲಿ ಮಗಳು ಹತ್ತಿರ ಬಂದು ನನ್ನ ಮೊಣಕೈ ತಟ್ಟಿ ಕೆಳಗೆ ಬೆರಳು ತೋರಿಸಿದಳು. ಒಂದು ಆಮೆ, ಯಾವ ಅವಸರವೂ ಇಲ್ಲದೆ, ಹವಳದ ಮೇಲೆ ಹೋಗುತ್ತಿತ್ತು. ನಾನು ಆಮೆಯನ್ನು ಸರಿಯಾಗಿ ನೋಡಲಿಲ್ಲ. ಅವಳು ನನಗೆ ಏನನ್ನೋ ತೋರಿಸಿದಳಲ್ಲ ಎಂಬ ಸಂತೋಷದಲ್ಲೇ ಇದ್ದೆ. ಮತ್ತೆ ನೋಡುವಾಗ ಅವಳು ಅಲ್ಲಿರಲಿಲ್ಲ.

ಆಗ ಕೇಳಿಸಿತು. “ಪಾಪಾ! ಪಾಪಾ!”

ನೀರು ತುಂಬಿದ ಕಿವಿಗೆ ಅದು ಯಾರ ದನಿ, ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ. ತಲೆ ಎತ್ತಿದೆ. ಮಂಜಿನ ಗಾಜಿನಾಚೆ ದೋಣಿಯ ಅಂಚಿನಲ್ಲಿ ಒಂದು ಕಿತ್ತಳೆ ಜಾಕೆಟ್ ಬಗ್ಗಿ ಕೈ ಬೀಸುತ್ತಿತ್ತು. ಅದು ಮಗಳೇ ಇರಬೇಕು, ಏನೋ ಆಗಿದೆ, ಅದಕ್ಕೇ ಕರೆಯುತ್ತಿದ್ದಾಳೆ ಅಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಾಬರಿಯಲ್ಲೂ ಒಂದು ಖುಷಿ ಇತ್ತು. ಕೈಕಾಲು ಸೋಲುವವರೆಗೆ ದೋಣಿಯ ಕಡೆಗೆ ಈಜಿದೆ. ಆ ಜಾಕೆಟ್ಟಿನ ಹಿಂದೆ ನಿಂತು ದೋಣಿಯವನು ಇನ್ನೂ ಜೋರಾಗಿ ಏನೇನೋ ಕೂಗುತ್ತಿದ್ದ.

ಏಣಿ ಹಿಡಿದು ಮೇಲೆ ಬಂದರೆ ಕಿತ್ತಳೆ ಜಾಕೆಟ್ಟಿನಲ್ಲಿ ಇದ್ದದ್ದು ಹೆಂಡತಿ.

“ಅವಳೆಲ್ಲಿ? ಕರೆದದ್ದು ಯಾಕೆ?” ಎಂದೆ.

“ಯಾರು ಕರೆದದ್ದು? ಈ ದೋಣಿಯವ ನಿಮ್ಮನ್ನು ನೋಡಿ ಪಾಪ, ಪಾಪ ಅಂತಿದ್ದ. ನೀವು ಮುಳುಗ್ತಾ ಇದ್ದೀರಿ ಅಂತ ನನ್ನ ಜೀವವೇ ಹೋಯ್ತು ಮಾರಾಯ್ರೆ. ಇವನಿಗೆ ಕನ್ನಡ ಎಲ್ಲಿಂದ ಬಂತು ಅಂತ ಬೇರೆ.”

ನನಗೆ ತಲೆಬುಡ ಅರ್ಥವಾಗಲಿಲ್ಲ. ದೋಣಿಯವನು ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. “ಭಾಯ್, ಪಾಪಾ ಮತ್ಲಬ್ ಶಾರ್ಕ್. ಹಮಾರಾ ಘರ್ ಕಾ ಬಾತ್,” ಎಂದ. ಪಕ್ಕದ ದೋಣಿಯ ತಮ್ಮನಿಗೆ ಸ್ವಾಹಿಲಿಯಲ್ಲಿ ಹೇಳಿದ್ದಂತೆ. ಅಂದರೆ ನಮ್ಮೂರಿನಲ್ಲಿ ತಾಟೆ ಎನ್ನುತ್ತೇವಲ್ಲ, ಅದು. ಅದರಲ್ಲೂ ಎಲ್ಲಕ್ಕಿಂತ ದೊಡ್ಡ ಜಾತಿ, ಮೈತುಂಬ ಚುಕ್ಕಿ ಇರುವ, ಯಾರಿಗೂ ಏನೂ ಮಾಡದ ತಿಮಿಂಗಿಲ ಶಾರ್ಕ್. ಜನ ಅದನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಬರುತ್ತಾರಂತೆ. ಅದು ನನ್ನ ಬೆನ್ನಹಿಂದೆ ಹಾದುಹೋಗುವಾಗ ನಾನು ಅದಕ್ಕೆ ಬೆನ್ನು ಹಾಕಿ ಓಡಿಬಂದಿದ್ದೆ. ಒಂದೇ ಮಾತು, ಅವನಿಗೆ ಮೀನು, ಹೆಂಡತಿಗೆ ಮರುಕ, ನನಗೆ ಮಗಳು.

ಮಗಳು ಆಮೇಲೆ ಬಂದಳು. ಅವಳು ಅದರ ಪಕ್ಕದಲ್ಲೇ ಈಜಿದ್ದಳು. ಉಸಿರು ತೆಗೆದುಕೊಳ್ಳದೆ ಇಂಗ್ಲಿಷಿನಲ್ಲಿ ಅದರ ಬಾಯಿ, ಬಾಲ, ಚುಕ್ಕಿ ಎಲ್ಲವನ್ನೂ ಅಮ್ಮನಿಗೆ ವಿವರಿಸಿದಳು. ದೋಣಿಯವನು ನನ್ನ ಕತೆಯನ್ನು ಹಿಂದಿಯಲ್ಲಿ ಅವಳಿಗೆ ಹೇಳಿ ತಾನೇ ನಕ್ಕ. ಹೆಂಡತಿಯೂ ನಕ್ಕಳು. ಮಗಳು ನಗಲಿಲ್ಲ. ಟವೆಲ್ ಹೊದ್ದು ನನ್ನನ್ನೇ ನೋಡಿದಳು.

“ಯು ಥಾಟ್ ಇಟ್ ವಾಸ್ ಮಿ?”

“ಹೌದು. ನೀನು ಕರೆದದ್ದು ಅಂತ ಮಾಡಿದೆ.”

“ನಾನು ಕರೀಲಿಲ್ಲ,” ಎಂದಳು, ಕನ್ನಡದಲ್ಲಿ.

ಬೇಸರವಾಯಿತು. ತಮಾಷೆಗಾದರೂ ಕರೆದೆ ಎನ್ನಬಹುದಿತ್ತು. ಸುಳ್ಳು ಹೇಳದ ಮಗಳೆಂದು ಹೆಮ್ಮೆಪಡಬೇಕೋ, ಸುಳ್ಳಿಗೂ ಕರೆಯದಷ್ಟು ದೂರವಾದಳೆಂದು ಅಳಬೇಕೋ ಗೊತ್ತಾಗದೆ ಪಾದಕ್ಕೆ ಕಾಲುಚೀಲದ ಹಾಗೆ ಅಂಟಿಕೊಂಡಿದ್ದ ರಬ್ಬರಿನ ಈಜುರೆಕ್ಕೆಗಳನ್ನು ಕಿತ್ತು ತೆಗೆಯುತ್ತ ಕೂತೆ. ಇಂಜಿನ್ ಶುರುವಾಯಿತು. ದೋಣಿ ದಡದ ಕಡೆಗೆ ತಿರುಗಿತು. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಮಗಳು ಎದ್ದು ಬಂದು ನನ್ನ ಪಕ್ಕದ ಹಲಗೆಯಲ್ಲಿ ಕೂತಳು.

“ಮಂಗ್ಳೂರಿಂದ ಕರೆದ್ರೆ ಹೇಗೆ ಬರ್ತೀರಿ ಪಪ್ಪಾ?”

ಇಂಜಿನ್ನಿನ ಸದ್ದಿನಲ್ಲೂ ಈ ಸಲ ನನಗೆ ಪ್ರತಿ ಅಕ್ಷರವೂ ಸರಿಯಾಗಿ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಲಿ ಎಂಬ ಆಸೆಗೆ ಕಿವಿಗೆ ಕೈ ಹಚ್ಚಿ “ಆಂ?” ಎಂದೆ.

ಅವಳು ಅದನ್ನೇ ಇನ್ನೊಮ್ಮೆ ಕೇಳಿದಳು. ನಾನು ಕಿವಿಯಿಂದ ಕೈ ಇಳಿಸಿದೆ.