ಹಸಿರು ಬಟ್ಟೆಯಲ್ಲಿದ್ದ ಪ್ರೋಬ್

ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನೀರು ನೋಡುವವರನ್ನು ನಾನು ಎಂದೂ ನಂಬಿದವನಲ್ಲ. ನೆಲದಡಿ ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತದಂತೆ. ಮೂವತ್ತು ದಾಟಿದ ಮೇಲೆ ಕಷ್ಟಪಟ್ಟು ನರ್ಸಿಂಗ್ ಓದಿದ ನನಗೆ ಅದೆಲ್ಲ ನಗೆಯ ಮಾತಾಗಿತ್ತು.

ಕೆಲವು ವರ್ಷಗಳ ಹಿಂದೆ ಹಿರೇಕೆರೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಮಾಸೂರಿನ ಅಜ್ಜಿಯೊಬ್ಬರನ್ನು ವಾಂತಿಭೇದಿ ಎಂದು ಕರೆತಂದು ನೇರವಾಗಿ ಮೇಲಿನ ವಾರ್ಡಿಗೆ ಸೇರಿಸಿದರು. ಜೊತೆಗಿದ್ದ ಗಂಡ ಬೋರ್‌ವೆಲ್ಲಿಗೆ ನೀರು ನೋಡುವ ಅಜ್ಜ. ಎರಡು ಬಾಟಲಿ ಸಲೈನ್ ಹೋದ ಮೇಲೆ ಅಜ್ಜಿಗೆ ಏದುಸಿರು ಶುರುವಾಯಿತು. ಮೈಯಲ್ಲಿ ನೀರು ಇನ್ನೂ ಕಡಿಮೆಯೋ, ಹೆಚ್ಚಾಯಿತೋ ನೋಡಲು ಡಾಕ್ಟರು ಸ್ಕ್ಯಾನಿಂಗ್ ಮಷಿನ್ ತರಿಸಿದರು.

ಹೊಟ್ಟೆಯ ಆಳದ ದೊಡ್ಡ ರಕ್ತನಾಳ ಕಾಣಬೇಕಾದರೆ ಮೈಮೇಲೆ ಒತ್ತಿ ಆಡಿಸುವ ಹಿಡಿಕೆ, ಅಂದರೆ ಪ್ರೋಬ್, ಬಾಗಿದ ಮುಖದ್ದೇ ಬೇಕು. ಅದು ಕೆಳಗೆ ಹೆರಿಗೆ ಕೋಣೆಯಲ್ಲಿತ್ತು. ನನಗೆ ಮೆಟ್ಟಿಲು ಇಳಿಯಲು ಬೇಸರ. ಚರ್ಮದ ಹತ್ತಿರದ್ದನ್ನಷ್ಟೇ ತೋರಿಸುವ ನೇರ ಮುಖದ್ದನ್ನು ಕೊಟ್ಟು, "ಅದು ರಿಪೇರಿಗೆ ಹೋಗೇತ್ರಿ ಸರ್" ಎಂದುಬಿಟ್ಟೆ.

"ಇದರಾಗ ಏನೂ ಕಾಣವಲ್ದಲ್ಲೋ" ಎಂದು ಡಾಕ್ಟರು ಗೊಣಗಿದರು. ತುಟಿ ಒಣಗಿದ್ದನ್ನು ನೋಡಿ, ಸಲೈನ್ ನಡೆಯಲಿ ಎಂದು ಹೇಳಿ ಇನ್ನೊಂದು ಪೇಷೆಂಟಿನ ಕಡೆ ಹೋದರು.

ಆಗ ಅಜ್ಜ ಚೀಲದಿಂದ ಕಾಯಿ ತೆಗೆದು ಅಂಗೈ ಮೇಲೆ ಮಲಗಿಸಿ ಮಂಚದ ಪಕ್ಕ ನಿಂತ.

"ಏನಜ್ಜಾ, ಇಲ್ಲೇ ಬೋರ್ ಹೊಡಸ್ತೀಯೇನು?" ಎಂದೆ. ಪಕ್ಕದ ಮಂಚದವರೂ ನಕ್ಕರು.

ಕಾಯಿ ನಿಧಾನವಾಗಿ ಎದ್ದು ನಿಂತಿತು.

"ಬಾಟ್ಲಿ ನಿಲ್ಲಸೋ ತಮ್ಮಾ, ನೀರು ಭಾಳ ಆಗೇತಿ" ಎಂದ. ನಂತರ ನನ್ನ ಕಿವಿಗಷ್ಟೇ ಕೇಳುವಂತೆ, "ಕೆಳಗ ಹಸರ ಅರಿವ್ಯಾಗ ಸುತ್ತಿ ಇಟ್ಟೀಯಲ್ಲ, ಅದನ್ನ ತಾ" ಎಂದ.

ಆ ದಿನ ಬೆಳಿಗ್ಗೆ ಅದನ್ನು ಹಸಿರು ಬಟ್ಟೆಯಲ್ಲಿ ಸುತ್ತಿಟ್ಟವನು ನಾನೇ. ಅಜ್ಜ ಆ ಕೋಣೆಯ ಕಡೆ ಹೋಗಿರಲಿಲ್ಲ. ಸಲೈನ್ ಬಂದ್ ಮಾಡಿ ಓಡಿದೆ.

"ಈಗ ರಿಪೇರಿಯಿಂದ ಬಂತ್ರಿ" ಎಂದು ಡಾಕ್ಟರಿಗೆ ಮತ್ತೊಂದು ಸುಳ್ಳು ಹೇಳಿದೆ. ಈ ಸಲ ರಕ್ತನಾಳ ಉಬ್ಬಿ ನಿಂತದ್ದು, ಶ್ವಾಸಕೋಶಕ್ಕೆ ನೀರು ಇಳಿದದ್ದು ಎಲ್ಲ ಕಂಡಿತು. ಮೂತ್ರ ಇಳಿಯುವ ಇಂಜೆಕ್ಷನ್ ಕೊಟ್ಟ ಮೇಲೆ ಸಂಜೆ ಹೊತ್ತಿಗೆ ಅಜ್ಜಿಯ ಉಸಿರು ಹದಕ್ಕೆ ಬಂತು.

ಮನೆಗೆ ಹೋಗುವ ದಿನ ಅಜ್ಜ ಡಾಕ್ಟರ ಮುಂದೆ, "ಈ ತಮ್ಮ ಓಡಿಹೋಗಿ ತಂದಾನ್ರಿ, ಅದಕ ನಮ್ಮಾಕಿ ಉಳದ್ಲು" ಎಂದ. ಡಾಕ್ಟರು ನನ್ನ ಬೆನ್ನು ತಟ್ಟಿದರು.

ಕಾಯಿ ನಿಂತದ್ದು ಕೈಚಳಕ ಇರಬಹುದು ಎಂದುಕೊಳ್ಳುತ್ತೇನೆ. ಆದರೆ ಆ ಹಸಿರು ಬಟ್ಟೆ ಅವನಿಗೆ ಹೇಗೆ ಕಂಡಿತು? ಕಂಡ ಮೇಲೂ ನನ್ನ ಮಾನ ಯಾಕೆ ಉಳಿಸಿದ? ಎರಡೂ ನನಗೆ ಇವತ್ತಿಗೂ ಬಗೆಹರಿದಿಲ್ಲ.