‘ಆತು’ ಅಂದರೆ ಆಗಲಿಲ್ಲ

ಇದಕ್ಕೆ ನಾನು ತೆತ್ತ ಬೆಲೆ ಎರಡು ದಿನದ ಉಪವಾಸ. ಚಾ ಕೂಡ ಇಲ್ಲ. ಭಟ್ಕಳದಿಂದ ಬೆಡ್‌ಶೀಟಿನ ಗಂಟು ಹೊತ್ತು ಹೊನ್ನಾವರ, ಕುಮಟಾದ ಬಸ್ಸು ಹತ್ತುತ್ತಿದ್ದ ಕಾಲದಲ್ಲೂ ನಾನು ಹೊತ್ತಿಗೆ ಸರಿಯಾಗಿ ತಿಂದವನು. ಹಸಿದಾಗ ಚೌಕಾಶಿ ಮಾಡಲು ಬರುವುದಿಲ್ಲ, ಗಿರಾಕಿ ಹೇಳಿದ ದರಕ್ಕೆ ತಲೆ ಆಡಿಸಿಬಿಡುತ್ತೇವೆ. ಆದರೂ ಈ ವ್ಯಾಪಾರದಲ್ಲಿ ಗೆದ್ದವನು ನಾನೇ. ಆಯಿ, ಅಂದರೆ ನನ್ನ ಅಮ್ಮ, ಮನೆಗೆ ಬಂದಳು.

ಸಕ್ಕರೆ ಕಾಯಿಲೆಯಿಂದ ಆಯಿಯ ಕಾಲಿನ ಹುಣ್ಣು ಮಾಯದೆ, ಅವಳನ್ನು ಹೊನ್ನಾವರದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆ. ಅಲ್ಲಿಗೆ ನರ್ಸಿಂಗ್ ಕಲಿಯುವ ಹುಡುಗಿಯರು ಬರುತ್ತಿದ್ದರು. ಮರುದಿನ ಬೆಳಿಗ್ಗೆ ಅವರಿಗೆ ಕಲಿಸುವ ಮೇಡಂ ಬಂದು, ಆಯಿಯ ಹಾಸಿಗೆಯ ಬಳಿ ಪಾಠ ಮಾಡಬಹುದೇ ಎಂದು ಕೇಳಿದರು.

“ಎಷ್ಟು ಜನ?” ಎಂದೆ.

“ಎಂಟು.”

“ನಾಲ್ಕು ಮಾಡಿ.”

“ಇಲ್ಲೂ ಚೌಕಾಶಿಯಾ?” ಎಂದು ಮೇಡಂ ನಕ್ಕರು. “ಆತು, ನಾಲ್ಕು.”

“ಸೂಜಿ ಚುಚ್ಚುವಾಗ ನೀವು ಪಕ್ಕದಲ್ಲಿರಬೇಕು. ಮತ್ತೆ, ಪಾಠ ಕನ್ನಡದಲ್ಲೇ ಆಗಲಿ. ಆಯಿಯ ಕಾಲು, ಆಯಿಗೂ ತಿಳೀಲಿ.”

ಅದಕ್ಕೂ ಒಪ್ಪಿದರು. ಇನ್ನೂ ಏನಾದರೂ ಕೇಳಬಹುದಿತ್ತೇ ಎಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಆಯಿ ನನ್ನ ಅಂಗಿ ಜಗ್ಗಿ, “ಸಾಕು ಮಾರಾಯ, ಇದು ಅಂಗಡಿ ಅಲ್ಲ” ಎಂದಳು.

ಆ ದಿನ ಇನ್ಸುಲಿನ್ ಕೊಡುವ ಪಾಳಿ ಹಳದೀಪುರದ ಕಡೆಯ ಹುಡುಗಿಯದು. ಸಿರಿಂಜಿಗೆ ಔಷಧ ಎಳೆದು, ಅಳತೆಯನ್ನು ಮೇಡಂಗೆ ತೋರಿಸಿದಳು. ಆಮೇಲೆ ಆಯಿಯ ಕಡೆ ಬಾಗಿ, “ಆಯಿ, ಈ ಸೂಜಿ ಕೊಟ್ಟ ಮೇಲೆ ಕೂಡ್ಲೆ ತಿಂಡಿ ತಿನ್ನೂಕು, ತಡ ಮಾಡೂಕಾಗ” ಎಂದಳು.

“ಆತು,” ಎಂದಳು ಆಯಿ.

ಹುಡುಗಿ ಸಮಾಧಾನದಿಂದ ಹತ್ತಿ ತೆಗೆದುಕೊಂಡಳು. ಅವಳ ಮನೆಯಲ್ಲೂ ಒಪ್ಪಿಗೆಗೆ ‘ಆತು’ ಎಂದೇ ಅನ್ನುವುದು, ಅನುಮಾನ ಎಲ್ಲಿಂದ ಬರಬೇಕು? ನನಗಾದರೂ ಬರಬೇಕಿತ್ತು. ನಮ್ಮ ಆಯಿಯ ‘ಆತು’ ಅಂದರೆ, ನೀ ಹೇಳಿದ್ದು ಕೇಳಿಸಿತು, ಇನ್ನು ನಡೆ ಎಂದಷ್ಟೇ ಅರ್ಥ. ಆದರೆ ನಾನು ಆಗ ಕುಮಟಾದ ನನ್ನ ಅಂಗಡಿಗೆ ಬರಬೇಕಿದ್ದ ಮಾಲಿನ ಬಗ್ಗೆ ಫೋನಿನಲ್ಲಿ ಮೆಸೇಜು ಒತ್ತುತ್ತಿದ್ದೆ.

ಮೇಡಂ ಹುಡುಗಿಯ ಕೈ ತಡೆದರು. “ಟ್ರೇ ಕೆಳಗಿಡು. ನೀನು ಹೇಳಿದ್ದಾಯ್ತು. ಅವರಿಗೆ ತಿಳಿದದ್ದು ಏನು? ಅವರ ಬಾಯಿಂದ್ಲೇ ಕೇಳು.”

ಹುಡುಗಿಯ ಮುಖ ಕೆಂಪಾಯಿತು. “ಆಯಿ, ಸೂಜಿ ಆದ ಮೇಲೆ ನೀವು ಎಂತ ಮಾಡ್ತ್ರಿ?”

“ಎಂತ ಮಾಡೂದು? ಮಲ್ಕಂತೆ.”

“ತಿಂಡಿ?”

“ಇವತ್ತು ಸಂಕಷ್ಟಿ ಅಲ್ದಾ ತಂಗಿ? ಚಂದ್ರ ಕಂಡ ಮೇಲೆ.”

ನನ್ನ ಫೋನು ಕೈಯಲ್ಲೇ ಉಳಿಯಿತು. ಮೇಡಂ ದನಿ ಏರಿಸದೆ ನಾಲ್ವರಿಗೂ ಅಲ್ಲೇ, ಕನ್ನಡದಲ್ಲೇ, ಪಾಠ ಹೇಳಿದರು. ಇನ್ಸುಲಿನ್ ಒಳಗೆ ಹೋಗಿ ಹೊಟ್ಟೆ ಖಾಲಿ ಉಳಿದರೆ ಸಕ್ಕರೆ ಇಳಿಯುತ್ತದೆ. ಮೊದಲು ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುವುದು. ಮಲಗಿದವರನ್ನು ಕಂಡು ನಿದ್ದೆ ಅಂದುಕೊಂಡರೆ ಮುಗಿಯಿತು.

ಆಯಿ ಎಲ್ಲ ಕೇಳಿ, “ಹಂಗಾರೆ ನಾ ಹೋಗ್ಬಿಡ್ತಿದ್ನಾ?” ಎಂದಳು, ಬಸ್ಸು ತಪ್ಪಿತೇ ಎಂದು ಕೇಳುವ ಹಾಗೆ.

“ನಾವು ಬಿಡ್ತಿರಲಿಲ್ಲ,” ಎಂದರು ಮೇಡಂ. “ಆದ್ರೆ ಈಗ ತಟ್ಟೆ ಮುಂದೆ ಬರೋ ತನಕ ಸೂಜಿ ಇಲ್ಲ.”

ತಟ್ಟೆ ಬಂತು. ಆಯಿ ಮುಟ್ಟಲಿಲ್ಲ. “ನೀ ಗಂಟು ಹೊತ್ತ ವರ್ಷ ನಿನ್ನ ಸಲುವಾಗಿ ಹಿಡ್ದ ಸಂಕಷ್ಟಿ. ಈಗ ಬಿಡೂದು ಹೆಂಗೆ?”

ಇದು ನನಗೆ ಗೊತ್ತಿರಲಿಲ್ಲ. ಅಂಗಡಿ ಎದ್ದು ನಿಂತದ್ದು ನನ್ನ ಬಾಯಿಯ ಬಲದಿಂದ ಎಂದೇ ನಂಬಿದ್ದೆ. ಎದುರಿಗಿದ್ದ ಇಡ್ಲಿ ಆರುತ್ತಿತ್ತು. ಕೊನೆಗೆ ಹೇಳಿದೆ: “ಇವತ್ತಿಂದು ನಾ ಹಿಡೀತೆ. ನೀ ತಿನ್ನು.”

“ಚಾ?”

“ಚಾನೂ ಇಲ್ಲೆ.”

“ಇಡಗುಂಜಿ ಗಣಪತಿಗೆ ಹೋಗಿ ಕೈ ಮುಗ್ದು ಬತ್ಯಾ?”

“ಬತ್ತೆ.”

“ಮುಂದಿನ ಸಂಕಷ್ಟಿ?”

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಚೌಕಾಶಿ ನನಗೆ ಎಲ್ಲಿಂದ ಬಂತೆಂದು ಅವರಿಗೆ ತಿಳಿದಿರಬೇಕು. ಅದಕ್ಕೂ ಒಪ್ಪಿದೆ. ಹುಡುಗಿ ಸೂಜಿ ಕೊಟ್ಟಳು, ಪಕ್ಕದಲ್ಲಿ ಮೇಡಂ ನಿಂತಿದ್ದರು. ಆಯಿ ಇಡ್ಲಿ ಮುರಿದು ಬಾಯಿಗಿಟ್ಟಾಗ ನನ್ನ ಎದೆಯಿಂದ ಹೊರಬಿದ್ದ ಉಸಿರು ಆಚೆ ಹಾಸಿಗೆಯವರಿಗೂ ಕೇಳಿಸಿರಬೇಕು.

ಮರುದಿನದಿಂದ ಆ ಹುಡುಗಿ ಹತ್ತಿರ ಬಂದರೆ ಸಾಕು, ಆಯಿ ತಾನಾಗಿಯೇ ಒಪ್ಪಿಸುತ್ತಿದ್ದಳು: “ಸೂಜಿ, ಕೂಡ್ಲೆ ಇಡ್ಲಿ, ಆಮೇಲೆ ಮಲ್ಕಣೂದು. ಪಾಸಾದ್ನಾ ತಂಗಿ?”

ಕಾಲಿನ ಹುಣ್ಣು ಮಾಯಿತು, ಮನೆಗೆ ಬಂದೆವು.

ನೀವೂ ಕೇಳಿಟ್ಟುಕೊಳ್ಳಿ. ಕಲಿಯುವ ಮಕ್ಕಳು ಹಾಸಿಗೆಯ ಬಳಿ ಬಂದರೆ ಬೇಡ ಎನ್ನಬೇಡಿ. ಕಲಿಸುವವರು ಎದುರಿಗಿರುವಾಗ ಒಂದು ಕೆಲಸವನ್ನು ಎರಡು ಸಲ ನೋಡುತ್ತಾರೆ, ಆ ಎರಡನೆಯ ನೋಟ ನಿಮಗೆ ಪುಕ್ಕಟೆ. ಪಾಠ ನಿಮ್ಮ ಭಾಷೆಯಲ್ಲಿ ಆಗಲಿ ಎಂದು ಹಟ ಹಿಡಿಯಿರಿ. ಸಂಕಷ್ಟಿಯಿರಲಿ, ಏಕಾದಶಿಯಿರಲಿ, ರಂಜಾನಿನ ರೋಜಾ ಇರಲಿ, ಸೂಜಿಗಿಂತ ಮೊದಲೇ ಬಾಯಿಬಿಟ್ಟು ಹೇಳಿ. ನರ್ಸು ಏನೇ ಹೇಳಿದರೂ ‘ಆತು’ ಎಂದು ಮುಗಿಸಬೇಡಿ, ತಿಳಿದದ್ದನ್ನು ತಿರುಗಿ ಹೇಳಿ. ಮತ್ತೆ, ಆಯಿಯ ಉಪವಾಸವನ್ನು ನೀವು ವಹಿಸಿಕೊಳ್ಳುವುದಾದರೆ, ಚಾ ಕುಡಿಯಬಹುದು ಎಂಬ ಮಾತನ್ನು ಮೊದಲೇ ಒಪ್ಪಂದಕ್ಕೆ ಸೇರಿಸಿಕೊಳ್ಳಿ. ನಾನು ಅವಸರದಲ್ಲಿ ಬಿಟ್ಟುಕೊಟ್ಟೆ. ಆ ರಾತ್ರಿ ಮೋಡ ಬೇರೆ, ಚಂದ್ರ ಬೇಗ ಕಾಣಲೂ ಇಲ್ಲ.